ಹಬ್ಬದ ಬೆಳಗಿಗೆ ಮುಂಚೆಯೇ ಬೇಯಿಸಿಟ್ಟ ರೊಟ್ಟಿ
ಯಳವತ್ತಿ ಸೀಮೆಯ ಖಡಕ್ ರೊಟ್ಟಿಯಿಂದ ತೋಟದ ಮನೆಗಳು ಕಲಿಯಬಹುದಾದದ್ದು

ಸುಗ್ಗಿಯೂ ಹಬ್ಬವೂ ಒಟ್ಟೊಟ್ಟಿಗೆ ಬರುವುದು ನಮ್ಮ ತೋಟದ ಮನೆಗಳಿಗೆ ಹೊಸದೇನಲ್ಲ. ಮಾರ್ಗಶಿರ ಕಾಲಿಟ್ಟಿತೆಂದರೆ ಅರೇಬಿಕಾ ಕೊಯ್ಲು ಭರದಲ್ಲಿರುತ್ತದೆ. ಅದರ ಬೆನ್ನಿಗೇ ರೊಬಸ್ಟಾ ಹಣ್ಣಾಗುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು, ಇಲ್ಲವೇ ಕಣದಲ್ಲಿ ಹರವಬೇಕು. ಅಡಿಕೆಯ ಕೊನೆ ಇಳಿಸಿದ ಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಯಾವುದೂ ನಾಳೆಗೆ ಕಾಯುವುದಿಲ್ಲ. ಇದೇ ದಿನಗಳಲ್ಲಿ ಎಳ್ಳಮಾವಾಸ್ಯೆ, ಕ್ರಿಸ್‌ಮಸ್, ಸಂಕ್ರಾಂತಿ ಒಂದರ ಹಿಂದೊಂದು ಬರುತ್ತವೆ.

ಹಬ್ಬವೆಂದರೆ ಮನೆಯ ಗಂಡಸರಿಗೆ ಅರ್ಧ ದಿನದ ಬಿಡುವು, ಮನೆಯಾಕೆಗೆ ಮಾತ್ರ ದುಪ್ಪಟ್ಟು ದುಡಿತ. ನಮ್ಮ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಕೊಯ್ಲಿನ ಕೂಲಿ ಇರುತ್ತದೆ, ಸುಲಿತದ ಕೂಲಿ ಇರುತ್ತದೆ, ಸೌದೆಯ ಖರ್ಚೂ ಇರುತ್ತದೆ. ನಸುಕಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿದವಳ ದುಡಿಮೆಯನ್ನು ಬರೆಯಲು ಅದರಲ್ಲಿ ಅಂಕಣವೇ ಇಲ್ಲ. ಇಡ್ಲಿಯಾಗಲಿ, ಕಡುಬಾಗಲಿ, ಅಕ್ಕಿ ರೊಟ್ಟಿಯಾಗಲಿ, ನಮ್ಮ ಕಡೆಯ ಬೆಳಗಿನ ತಿಂಡಿಗಳೆಲ್ಲ ಬಿಸಿಯಾಗಿದ್ದರೇ ಚೆಂದ. ಅಕ್ಕಿ ರೊಟ್ಟಿಯಂತೂ ಆರಿದರೆ ಚರ್ಮದಂತೆ ಎಳೆಯುತ್ತದೆ. ಹಾಗಾಗಿ ಮನೆಯವರೆಲ್ಲ ತಿಂದು ಏಳುವವರೆಗೆ ಒಬ್ಬರು ಒಲೆಯ ಮುಂದೆ ನಿಂತೇ ಇರಬೇಕು.

ಈ ಕಷ್ಟಕ್ಕೆ ಬಯಲುಸೀಮೆಯ ಹೆಣ್ಣುಮಕ್ಕಳು ಬಹು ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದಾರೆ. ಅದನ್ನು ಈ ಸಲ ನಮ್ಮ ಸದಸ್ಯರ ಮನೆಗಳಿಗೆ ಪರಿಚಯ ಮಾಡಿಕೊಡಬೇಕೆಂದು ನಮಗೆ ಅನ್ನಿಸಿತು.

ಎರೆ ಹೊಲದ ಎಳ್ಳಮಾವಾಸ್ಯೆ

ಯಳವತ್ತಿ ಗದಗ ಜಿಲ್ಲೆಯ ಊರು. ಹಿಂದೆ ಶಿರಹಟ್ಟಿ ತಾಲ್ಲೂಕಿಗೆ ಸೇರಿತ್ತು, ಈಗ ಲಕ್ಷ್ಮೇಶ್ವರ ತಾಲ್ಲೂಕಿನಲ್ಲಿದೆ. ಗದಗವೇ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿ ಕಾಫಿಯ ನೆರಳಿಲ್ಲ, ಹಳ್ಳದ ತಂಪಿಲ್ಲ. ಮಳೆ ನಂಬಿದ ಬಯಲು ಬೇಸಾಯ. ಜೋಳ, ಶೇಂಗಾ, ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಆ ಸೀಮೆಯ ಬೆಳೆಗಳು. ಹಿಂಗಾರಿ ಜೋಳ ತೆನೆ ಹಿಡಿದು ನಿಲ್ಲುವ ಹೊತ್ತಿಗೆ ಎಳ್ಳಮಾವಾಸ್ಯೆ ಬರುತ್ತದೆ.

ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹಿಂದೆ ಚಕ್ಕಡಿ ಹೂಡುತ್ತಿದ್ದರು, ಈಗ ಟ್ರ್ಯಾಕ್ಟರೂ ಆಗುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ತಂದ ಅಡಿಗೆಯಲ್ಲಿ ಮೊದಲ ಪಾಲನ್ನು ಹೊಲದ ಸುತ್ತ ಭೂಮಿತಾಯಿಗೆ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಆಮೇಲೆ ನೆಂಟರಿಷ್ಟರು, ಆಳುಕಾಳು, ದಾರಿಹೋಕರು ಎನ್ನದೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಮಲೆನಾಡಿನ ನಮಗೆ ಇದು ತೀರ ಅಪರಿಚಿತವಲ್ಲ. ನಮ್ಮಲ್ಲಿ ಸೀಗೆ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ ಮಾಡುವ ಮನೆಗಳು ಎಷ್ಟೋ ಇವೆ. ಹೆಂಗಸರು ರಾತ್ರಿಯಿಡೀ ಎಚ್ಚರವಿದ್ದು ಬೆರಕೆ ಸೊಪ್ಪು, ಕಡುಬು ಬೇಯಿಸುತ್ತಾರೆ. ಬೆಳಕು ಹರಿಯುವ ಮುನ್ನ ಗಂಡಸರು ಅದನ್ನು ಗದ್ದೆ ತೋಟಗಳಿಗೆ ಬೀರಿ ಬರುತ್ತಾರೆ. ಎರಡೂ ಕಡೆ ಭಾವ ಒಂದೇ, ಬಸಿರಾದ ಭೂಮಿಗೆ ಬಯಕೆಯೂಟ. ಅಡಿಗೆಯ ಹದದಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ. ನಮ್ಮದು ಒಂದೇ ರಾತ್ರಿಯ ಅಡಿಗೆ. ಅವರು ಬುತ್ತಿಯ ಮುಖ್ಯ ಭಾಗವಾದ ರೊಟ್ಟಿಯನ್ನು ಎಷ್ಟೋ ದಿನ ಮೊದಲೇ ಬೇಯಿಸಿ, ಗರಿಗರಿಯಾಗಿ ಒಣಗಿಸಿ, ಬುಟ್ಟಿ ತುಂಬಿ ಇಟ್ಟಿರುತ್ತಾರೆ. ಹಬ್ಬದ ಬೆಳಗ್ಗೆ ಉಳಿಯುವುದು ಪಲ್ಯದ ಕೆಲಸವಷ್ಟೇ.

ಇದರ ಗುಟ್ಟು ನಮ್ಮ ಕಣದ್ದೇ

ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡದಿರುವುದು ಹೇಗೆ ಎಂಬುದನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟಿನ ತೇವಾಂಶ ಶೇಕಡಾ 10-11ಕ್ಕೆ ಇಳಿಯದೆ ಮೂಟೆ ಕಟ್ಟಿದರೆ ಏನಾಗುತ್ತದೆಂದು ನಾವು ಬಲ್ಲೆವು. ಚೆರಿ ಒಣಗಿತೇ ಎಂದು ನೋಡಲು ಮುಷ್ಟಿಯಲ್ಲಿ ಹಿಡಿದು ಅಲುಗಿಸುತ್ತೇವೆ, ಒಳಗೆ ಗಿಲಿಗಿಲಿ ಎಂದರೆ ಹದ ಬಂತು. ಅಡಿಕೆಯ ಒಳಗೆ ಹಸಿ ಉಳಿದರೆ ಬೂಸಲು ಹಿಡಿದು ದರ ಬೀಳುತ್ತದೆ. ರೊಟ್ಟಿಯದೂ ಇದೇ ನ್ಯಾಯ. ಬೂಸಲು ಬೆಳೆಯಲು ನೀರು ಬೇಕು. ಆ ನೀರನ್ನು ಬೆಂಕಿಯಿಂದ ಪೂರ್ತಿ ಹೊರಗಟ್ಟಿದರೆ ರೊಟ್ಟಿ ಉಳಿಯುತ್ತದೆ. ಒಂದು ಮೂಲೆಯಲ್ಲಿ ಮೆತ್ತಗೆ ಉಳಿದರೂ ಆ ಮೂಲೆಯಿಂದ ಇಡೀ ಗಂಟು ಕೆಡುತ್ತದೆ.

ಎಳ್ಳಮಾವಾಸ್ಯೆಗೆ ಎರಡು ಬಗೆಯ ರೊಟ್ಟಿ ಮಾಡುತ್ತಾರೆ. ಒಂದು ಬಿಳಿ ಜೋಳದ್ದು, ಇನ್ನೊಂದು ಎಳ್ಳು ಹಚ್ಚಿದ ಸಜ್ಜೆಯದು. ರೊಟ್ಟಿಗೆ ಹಿಂಗಾರಿ ಜೋಳವೇ ಮೇಲು ಎಂಬುದು ಅಲ್ಲಿಯವರ ಮಾತು. ಅದರಲ್ಲೂ ಎಂ 35-1 ಎಂಬ ಮಾಲದಂಡಿ ತಳಿಗೆ ದಶಕಗಳಿಂದ ಹೆಸರಿದೆ. ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆಯಂಶ ಹೆಚ್ಚು, ಆದ್ದರಿಂದ ಚಳಿಗಾಲಕ್ಕೆ ಹಿತ. ಅದೇ ಎಣ್ಣೆಯ ದೆಸೆಯಿಂದ ಬೀಸಿದ ಸಜ್ಜೆ ಹಿಟ್ಟು ಬೇಗ ಕಮಟಾಗಿ ಕಹಿಯಾಗುತ್ತದೆ. ಕಾಳನ್ನು ಎಷ್ಟು ದಿನ ಬೇಕಾದರೂ ಇಡಬಹುದು, ಹಿಟ್ಟನ್ನು ಮಾತ್ರ ರೊಟ್ಟಿ ಮಾಡುವ ಒಂದೆರಡು ದಿನ ಮೊದಲು ಬೀಸಿಸಿಕೊಳ್ಳಬೇಕು. ಜೋಳದ ಹಿಟ್ಟು ಹಳೆಯದಾದರೂ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ.

ಲೆಕ್ಕ ಮತ್ತು ಹದ

ತೆಳ್ಳನೆಯ ಒಂದು ರೊಟ್ಟಿಗೆ ಸುಮಾರು 50ರಿಂದ 60 ಗ್ರಾಂ ಹಿಟ್ಟು ಹಿಡಿಯುತ್ತದೆ. ಅಂದರೆ 1 ಕಿಲೋ ಹಿಟ್ಟಿಗೆ 16ರಿಂದ 20 ರೊಟ್ಟಿ. ಐದು ಜನರ ಮನೆಗೆ ತಲೆಗೆ ಎರಡರಂತೆ ಮೂರು ಬೆಳಗಿಗೆ 30 ರೊಟ್ಟಿ ಬೇಕು. ಮುರಿದದ್ದು, ಮಕ್ಕಳು ನಡುನಡುವೆ ಕೈಹಾಕಿದ್ದು ಸೇರಿಸಿ 2 ಕಿಲೋ ಹಿಟ್ಟು ಇಟ್ಟುಕೊಂಡರೆ ಸಾಕು.

ಜೋಳದಲ್ಲಿಯೂ ಸಜ್ಜೆಯಲ್ಲಿಯೂ ಗೋಧಿಯ ಅಂಟು ಇಲ್ಲ. ಆದುದರಿಂದ ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಒಂದು ಪಾವು ಹಿಟ್ಟಿಗೆ ಮುಕ್ಕಾಲರಿಂದ ಒಂದು ಪಾವಿನವರೆಗೆ ನೀರು ಬೇಕಾದೀತು. ಪರಾತದಲ್ಲಿ ಹಿಟ್ಟು ಗುಂಪು ಮಾಡಿ ನಡುವೆ ಗುಂಡಿ ತೆಗೆಯಿರಿ. ಚಿಟಿಕೆ ಉಪ್ಪು ಹಾಕಿದ ಕುದಿಯುವ ಎಸರನ್ನು ಅದಕ್ಕೆ ಹೊಯ್ದು ಸೌಟಿನ ಹಿಡಿಯಿಂದ ಕಲಸಿರಿ. ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿರಿ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಷ್ಟೂ ಅಂಚು ಬಿರಿಯುವುದು ಕಡಿಮೆ. ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಬಾರದು. ನಾಲ್ಕೈದು ರೊಟ್ಟಿಗೆ ಆಗುವಷ್ಟು ನಾದಿಕೊಂಡು, ಅದು ಮುಗಿದ ಮೇಲೆ ಮುಂದಿನದನ್ನು ತೆಗೆದುಕೊಳ್ಳಬೇಕು.

ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು ಬಡಿಯುವುದು ಕೈಪಳಗಿದವರ ಕೆಲಸ. ಅಂಗೈಯಿಂದ ತಟ್ಟುತ್ತಾ ತಿರುಗಿಸುತ್ತಾ ಹೋದರೆ ರೊಟ್ಟಿ ತಾನಾಗಿ ಸುತ್ತುತ್ತಾ ಅಗಲವಾಗುತ್ತದೆ. ನಮ್ಮ ಕಡೆಯವರಿಗೆ ಮೊದಲ ಸಲಕ್ಕೆ ಇದು ಬಾರದು. ಲಟ್ಟಣಿಗೆಯಲ್ಲಿ ಲಟ್ಟಿಸಿದರೂ ನಡೆಯುತ್ತದೆ. ದಪ್ಪ ಎಲ್ಲ ಕಡೆ ಒಂದೇ ಸಮನಾಗಿರಬೇಕು, ಅದೇ ಮುಖ್ಯ. ನಡು ದಪ್ಪ, ಅಂಚು ತೆಳು ಆದರೆ ಅಂಚು ಸೀಯುವ ಹೊತ್ತಿಗೂ ನಡು ಹಸಿಯಾಗಿಯೇ ಉಳಿಯುತ್ತದೆ. ಸಜ್ಜೆ ರೊಟ್ಟಿಗಾದರೆ ಮುಕ್ಕಾಲು ಬಡಿದ ಮೇಲೆ ಎಳ್ಳು ಚೆಲ್ಲಿ, ಮತ್ತೆ ಮೆಲ್ಲಗೆ ತಟ್ಟಿ ಅಂಟಿಸಬೇಕು.

ಕಾದ ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿರಿ. ಒಣ ಹಿಟ್ಟು ಅದರಲ್ಲಿ ಅಡಗುತ್ತದೆ. ನೀರು ಆರುತ್ತಲೇ ತಿರುವಿ ಹಾಕಿ. ಎರಡೂ ಮಗ್ಗುಲು ಬೆಂದರೆ ಮೆತ್ತನೆಯ ರೊಟ್ಟಿ ಸಿದ್ಧ. ಅಂದಿಗೆ ಉಣ್ಣುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಇಡುವ ರೊಟ್ಟಿಗೆ ಮುಂದಿನ ಹೆಜ್ಜೆಯೇ ಜೀವಾಳ. ಉರಿಯನ್ನು ತೀರ ಸಣ್ಣದು ಮಾಡಿ, ಮಡಿಸಿದ ಅರಿವೆಯಿಂದ ರೊಟ್ಟಿಯ ಅಂಚನ್ನೂ ನಡುವನ್ನೂ ಒತ್ತುತ್ತಾ, ಸುತ್ತ ತಿರುಗಿಸುತ್ತಾ ಬೇಯಿಸಬೇಕು. ಸೌದೆ ಒಲೆಯಿದ್ದರೆ ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಎದುರು ಒಲೆಗೆ ಆನಿಸಿ ನಿಲ್ಲಿಸಿದರೂ ಸಾಕು, ಮುಂದಿನ ರೊಟ್ಟಿ ಬೇಯುವಷ್ಟರಲ್ಲಿ ಹಿಂದಿನದು ಒಣಗಿರುತ್ತದೆ. ಬೆರಳಿನಿಂದ ಬಡಿದರೆ ಟಣ್ ಎಂಬ ಸದ್ದು ಬರಬೇಕು. ಮುರಿದರೆ ಹಪ್ಪಳದಂತೆ ಮುರಿಯಬೇಕು. ಬಾಗಿದರೆ ಇನ್ನೂ ಹಸಿ ಇದೆ ಎಂದು ತಿಳಿಯಿರಿ.

ಒಬ್ಬರು ಬಡಿದು ಇನ್ನೊಬ್ಬರು ಬೇಯಿಸಿದರೆ 2 ಕಿಲೋ ಹಿಟ್ಟು ಒಂದು ಮಧ್ಯಾಹ್ನದ ಕೆಲಸ. ಬಯಲುಸೀಮೆಯ ಊರುಗಳಲ್ಲಿ ನೂರರ ಲೆಕ್ಕದಲ್ಲಿ ರೊಟ್ಟಿ ಬೇಕಾದಾಗ ಓಣಿಯ ಹೆಣ್ಣುಮಕ್ಕಳು ಕೂಡಿ ಮಾಡುತ್ತಾರೆ. ಇಂದು ಇವರ ಮನೆಯಲ್ಲಾದರೆ ನಾಳೆ ಅವರ ಮನೆಯಲ್ಲಿ. ನಮ್ಮ ಮುಯ್ಯಾಳಿನ ಪದ್ಧತಿಯೇ ಅಡಿಗೆಮನೆಗೆ ಬಂದಂತೆ.

ಮಲೆನಾಡಿನ ತೇವಕ್ಕೆ ತಕ್ಕ ಜೋಪಾನ

ಯಳವತ್ತಿಯ ಒಣ ಹವೆಯಲ್ಲಿ ರೊಟ್ಟಿಯನ್ನು ಬಿದಿರ ಬುಟ್ಟಿಯಲ್ಲಿ ಪೇರಿಸಿ ಅರಿವೆ ಮುಚ್ಚಿದರೂ ನಡೆಯುತ್ತದೆ. ನಮ್ಮಲ್ಲಿ ಅದು ಸಲ್ಲದು. ಸುಗ್ಗಿಯ ತಿಂಗಳು ಮಳೆ ಇಲ್ಲದಿದ್ದರೂ ಬೆಳಗಿನ ಇಬ್ಬನಿ ಕಣದ ಕಾಫಿಯನ್ನೇ ಮೆತ್ತಗೆ ಮಾಡುತ್ತದೆ, ರೊಟ್ಟಿಯನ್ನು ಬಿಟ್ಟೀತೇ? ಆದ್ದರಿಂದ ಈ ಕೆಲವು ಮಾತುಗಳನ್ನು ಗಮನಿಸಿರಿ.

ರೊಟ್ಟಿ ಪೂರ್ತಿ ಆರುವ ಮುನ್ನ ಡಬ್ಬಿಗೆ ತುಂಬಬೇಡಿ. ಒಳಗಿನ ಬಿಸಿ ಹಬೆಯಾಗಿ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಬಿಗಿ ಮುಚ್ಚಳದ ತಗಡಿನ ಅಥವಾ ಸ್ಟೀಲಿನ ಡಬ್ಬಿಯೇ ಒಳ್ಳೆಯದು. ದೊಡ್ಡದೊಂದರ ಬದಲು ಎರಡು ಮೂರು ಸಣ್ಣ ಡಬ್ಬಿಗಳಲ್ಲಿಟ್ಟರೆ ದಿನವೂ ಎಲ್ಲವನ್ನೂ ತೆರೆಯುವುದು ತಪ್ಪುತ್ತದೆ. ಒದ್ದೆ ಕೈ ಹಾಕಬಾರದು. ಅಡಿಕೆಯ ಹೊಗೆ ಅಟ್ಟದ ಮೇಲೆ ಒಣಗಿಸೋಣವೆಂದು ಯೋಚಿಸುವವರೂ ಇರಬಹುದು. ಹೊಗೆಯ ವಾಸನೆ ರೊಟ್ಟಿಗೆ ಹತ್ತಿದರೆ ಬಿಡುವುದಿಲ್ಲ, ಆ ಗೊಡವೆ ಬೇಡ. ಗೊಬ್ಬರ, ಔಷಧಿ ಇಡುವ ಕೋಣೆಯಲ್ಲಂತೂ ತಿನ್ನುವ ಪದಾರ್ಥದ ಡಬ್ಬಿ ಇಡಲೇಕೂಡದು.

ವಾರಕ್ಕೊಮ್ಮೆ ತೆರೆದು ನೋಡಿ. ತುಸು ಮೆತ್ತಗಾಗಿದ್ದರೆ ಸಣ್ಣ ಉರಿಯ ಹಂಚಿನ ಮೇಲೆ ಮತ್ತೊಮ್ಮೆ ಕಾಯಿಸಿದರೆ ಗರಿಯಾಗುತ್ತದೆ. ಬೂಸಲಿನ ಚುಕ್ಕೆ ಕಂಡರೆ ಅಷ್ಟನ್ನು ಮಾತ್ರ ಮುರಿದು ಬಿಸಾಡಿ ಉಳಿದದ್ದನ್ನು ತಿನ್ನುವ ಜಿಪುಣತನ ಬೇಡ. ಆ ರೊಟ್ಟಿಯನ್ನು ಪೂರ್ತಿ ಎಸೆಯಿರಿ.

ಜೊತೆಗೆ ಏನು?

ಮೊದಲೇ ಮಾಡಿಡಬಹುದಾದದ್ದು ರೊಟ್ಟಿ ಒಂದೇ ಅಲ್ಲ. ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಇವೆಲ್ಲ ಹುರಿದು ಕುಟ್ಟಿದವು, ನೀರು ಸೋಕದವು, ವಾರಗಟ್ಟಲೆ ಇರುತ್ತವೆ. ಗುರೆಳ್ಳೆಂದರೆ ನಾವು ಹುಚ್ಚೆಳ್ಳು ಎನ್ನುತ್ತೇವಲ್ಲ, ಅದೇ. ಶೇಂಗಾ ಆರಿಸುವಾಗ ಸುರುಟಿದ, ಬಣ್ಣಗೆಟ್ಟ, ಬೂಸಲು ಹಿಡಿದ ಬೀಜಗಳನ್ನು ತೆಗೆದುಹಾಕಿರಿ. ಶೇಂಗಾದ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ.

ಸಿಹಿಗೆ ಶೇಂಗಾ ಹೋಳಿಗೆ. ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಪಾವಿಗೆ ಮುಕ್ಕಾಲು ಪಾವು ಪುಡಿ ಬೆಲ್ಲ, ಒಂದು ಹಿಡಿ ಹುರಿದ ಎಳ್ಳು, ಏಲಕ್ಕಿ ಸೇರಿಸಿ ಕುಟ್ಟಿದರೆ ಹೂರಣ. ಕಣಕಕ್ಕೆ ಗೋಧಿ ಹಿಟ್ಟು ಕಲಸಿ, ಹೂರಣ ತುಂಬಿ, ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೇಳೆ ಹೋಳಿಗೆ ಎರಡನೆಯ ದಿನಕ್ಕೆ ಹಳಸುವುದು ಬೆಂದ ಬೇಳೆಯ ನೀರಿನಿಂದ. ಇದರ ಹೂರಣದಲ್ಲಿ ನೀರೇ ಇಲ್ಲ, ಆದ್ದರಿಂದ ಹತ್ತು ದಿನ ಇಟ್ಟರೂ ರುಚಿ ಕೆಡದು.

ಆದರೆ ತೆಂಗಿನಕಾಯಿ ಚಟ್ನಿ, ಕಾಳು ಪಲ್ಯ, ಎಣ್ಣೆಗಾಯಿ ಇವು ಅಂದಂದಿನವೇ. ಮೊದಲೇ ಮಾಡಿಡುವ ಉಮೇದಿನಲ್ಲಿ ಇವನ್ನೂ ಹಿಂದಿನ ದಿನ ಮಾಡಿ ಹೊರಗಿಟ್ಟು ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ.

ಹಬ್ಬಕ್ಕೆ ಮುನ್ನ ದಿನದ ಪಟ್ಟಿ

8 ದಿನ ಮೊದಲು: ಜೋಳ, ಸಜ್ಜೆ ಹಸನು ಮಾಡಿ ಗಿರಣಿಗೆ.
7 ದಿನ ಮೊದಲು: ರೊಟ್ಟಿ. ಮರುದಿನ ಆರಿದ ಮೇಲೆ ಡಬ್ಬಿಗೆ.
5 ದಿನ ಮೊದಲು: ಚಟ್ನಿಪುಡಿಗಳು.
3 ದಿನ ಮೊದಲು: ಶೇಂಗಾ ಹೋಳಿಗೆ.
ಹಿಂದಿನ ದಿನ: ಕಾಳು ನೆನೆಹಾಕುವುದು, ಹಾಲಿಗೆ ಹೆಪ್ಪು.
ಹಬ್ಬದ ಬೆಳಗ್ಗೆ: ಬದನೆಕಾಯಿ ಎಣ್ಣೆಗಾಯಿ ಇಲ್ಲವೇ ಕಾಳು ಪಲ್ಯ, ಹೆಚ್ಚಿದ ಉಳ್ಳಾಗಡ್ಡಿ, ಮೊಸರು, ಬೆಣ್ಣೆ. ಅಲ್ಲಿ ಚಹಾ, ನಮ್ಮಲ್ಲಿ ಕಾಫಿ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ರಾತ್ರಿ ಆರಲು ಬಿಟ್ಟ ರೊಟ್ಟಿ ಇಬ್ಬನಿಗೆ ಮೆತ್ತಗಾಗಿದ್ದರೆ ಡಬ್ಬಿಗೆ ಹಾಕುವ ಮೊದಲು ಹಂಚಿಗೆ ಒಮ್ಮೆ ತೋರಿಸಿ, ಮತ್ತೆ ಆರಿಸಿರಿ.

ಪಲ್ಯಕ್ಕೂ ಬಿಡುವಿಲ್ಲದ ಬೆಳಗಿಗೆ ರೊಟ್ಟಿ ಒಗ್ಗರಣೆ ಇದೆ. ಮುರಿದ ರೊಟ್ಟಿಗಳನ್ನು ಸಣ್ಣಗೆ ಚೂರು ಮಾಡಿ ನೀರು ಚಿಮುಕಿಸಿ ಇಡಿ. ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ ಬಾಡಿಸಿ, ಅರಿಸಿನ ಉಪ್ಪು ಬೆರೆಸಿ, ರೊಟ್ಟಿಯ ಚೂರು ಹಾಕಿ ಮುಚ್ಚಿರಿ. ಹತ್ತು ನಿಮಿಷದಲ್ಲಿ ತಿಂಡಿ ಸಿದ್ಧ. ಡಬ್ಬಿಯ ತಳದ ಪುಡಿಯೂ ದಂಡವಾಗುವುದಿಲ್ಲ.

ಕೂಡಿ ಮಾಡಿದರೆ ಹಗುರ

ಜೋಳ ನಮ್ಮ ಬೆಳೆಯಲ್ಲ, ಅದನ್ನೆಲ್ಲಿಂದ ತರುವುದು ಎಂದು ಕೆಲವರು ಕೇಳಬಹುದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಜೋಳ ಸಜ್ಜೆಗಳು ಮಲೆನಾಡಿನ ಪೇಟೆಯ ಅಂಗಡಿಗಳಲ್ಲೂ ಕಾಣುತ್ತಿವೆ. ಹತ್ತು ಮನೆಯವರು ಕೂಡಿ ಒಂದು ಚೀಲ ಜೋಳ ತರಿಸಿ ಹಂಚಿಕೊಂಡರೆ ಸಾಗಣೆಯ ಹೊರೆ ಹಗುರಾಗುತ್ತದೆ. ಗದಗ, ಹುಬ್ಬಳ್ಳಿ, ಧಾರವಾಡದ ಕಡೆ ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳೂ ಇವೆ. ಅವರಿಂದ ಸಿದ್ಧ ರೊಟ್ಟಿಯನ್ನೇ ತರಿಸಿಕೊಂಡರೂ ತಪ್ಪಿಲ್ಲ. ಒಬ್ಬ ರೈತಳ ದುಡಿಮೆಗೆ ಇನ್ನೊಬ್ಬ ರೈತನ ಮನೆ ಮಾರುಕಟ್ಟೆಯಾದಂತಾಯಿತು.

ಕೂಡಿ ಮಾಡುವ ಮಾತು ಬಂದಾಗ ಆ ಸೀಮೆಯನ್ನು ನೆನೆಯುವುದು ನಮ್ಮ ಕರ್ತವ್ಯವೂ ಹೌದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಅದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಹಕಾರದ ಪಾಠ ಕೊಟ್ಟ ನೆಲದಿಂದ ಒಂದು ಅಡಿಗೆಯ ಪಾಠವನ್ನೂ ಪಡೆದರೆ ನಮಗೇನೂ ಕುಂದಿಲ್ಲ.

ಇನ್ನೊಂದು ಮಾತು. ಕೊಯ್ಲಿಗೆಂದು ಬಯಲುಸೀಮೆಯಿಂದ ನಮ್ಮ ತೋಟಗಳಿಗೆ ಬರುವ ಕೆಲಸಗಾರರ ಗಂಟಿನಲ್ಲಿ ಈ ರೊಟ್ಟಿಯನ್ನು ನಾವೆಲ್ಲ ಕಂಡವರೇ. ಎಳ್ಳಮಾವಾಸ್ಯೆಯ ದಿನ ಅವರು ತಮ್ಮ ಹೊಲ ಬಿಟ್ಟು ನಮ್ಮ ಗಿಡಗಳ ನಡುವೆ ಇರುತ್ತಾರೆ. ಅಂದು ಊರಿಗೆ ಹೋಗಿ ಬರುವವರಿಗೆ ರಜೆ ಕೊಡುವುದಕ್ಕೆ ಕೊಯ್ಲಿನ ಸರದಿಯನ್ನು ಮೊದಲೇ ಹೊಂದಿಸಿಕೊಳ್ಳೋಣ. ಹೋಗಲಾಗದವರು ತೋಟದ ಅಂಚಿನಲ್ಲೇ ಚರಗ ಚೆಲ್ಲುತ್ತೇವೆಂದರೆ ಜಾಗ ಮಾಡಿಕೊಡೋಣ. ರೊಟ್ಟಿ ಬಡಿಯುವ ಕೈಚಳಕ ಕಲಿಯಬೇಕೆಂದಿರುವ ನಮ್ಮ ಅಕ್ಕತಂಗಿಯರಿಗೆ ಅವರಿಗಿಂತ ಒಳ್ಳೆಯ ಗುರುಗಳು ಸಿಗಲಾರರು. ಕಲಿಸಿದ ಹೊತ್ತಿಗೆ ಕೂಲಿ ಹಿಡಿಯದೆ ಕೊಟ್ಟರೆ ಅದೇ ಗುರುದಕ್ಷಿಣೆ.

ರೊಟ್ಟಿ ಮೊದಲೇ ಆಗಿದ್ದರೆ ಮನೆಯಾಕೆಗೆ ಹಬ್ಬದ ಬೆಳಗ್ಗೆ ಎರಡು ಗಂಟೆ ಉಳಿಯುತ್ತದೆ. ಆ ಎರಡು ಗಂಟೆಯನ್ನು ಪಾರ್ಚ್‌ಮೆಂಟು ಕೆದಕಲು ಬಾ, ಅಡಿಕೆ ಆರಿಸಲು ಬಾ ಎಂದು ಕರೆದು ನಾವೇ ನುಂಗಿಹಾಕಿದರೆ ಇಷ್ಟೆಲ್ಲ ಬರೆದದ್ದು ವ್ಯರ್ಥ. ಅದು ಅವಳದೇ. ಮಲಗಲಿ, ಮಕ್ಕಳೊಡನೆ ಕೂರಲಿ, ತವರಿಗೆ ಹೋಗಿಬರಲಿ. ಬರುವ ಎಳ್ಳಮಾವಾಸ್ಯೆಗೆ ಅಥವಾ ಸಂಕ್ರಾಂತಿಗೆ ಒಂದು ಕಿಲೋ ಹಿಟ್ಟಿನಿಂದ ಆರಂಭಿಸಿ ನೋಡಿರಿ. ನಿಮ್ಮ ಊರಿನ ತೇವದಲ್ಲಿ ರೊಟ್ಟಿ ಎಷ್ಟು ದಿನ ಗರಿಯಾಗಿ ಉಳಿಯಿತೆಂದು ನಮಗೆ ನಾಲ್ಕು ಸಾಲು ಬರೆದು ತಿಳಿಸಿದರೆ ಉಳಿದ ಸದಸ್ಯರಿಗೂ ಉಪಯೋಗವಾದೀತು.